ಗೋಡೆಯ ಜಿಂಕೆಗೆ ಕಣ್ಣಿಡಲು ಹೋಗಿ

ಕೆಲಸ ಮಾಡುತ್ತ ಕನಸು ಕಾಣುತ್ತೇನೋ, ಕನಸು ಕಾಣುತ್ತ ಕೆಲಸ ಮಾಡುತ್ತೇನೋ ನನಗೇ ಗೊತ್ತಿಲ್ಲ. ನಗೆಪಾಟಲಾಗುವುದು ಮಾತ್ರ ತಪ್ಪಿದ್ದಿಲ್ಲ. ಹಳೇ ಮನೆಗಳ ಚಾವಡಿಯಲ್ಲಿ ಗೋಡೆಗೆ ಹೊಡೆದ ಜಿಂಕೆ ತಲೆ ನೋಡಿರುತ್ತೀರಿ. ಅಜ್ಜನ ಕಾಲದ್ದು, ಸರ್ಕಾರದ ಪರವಾನಗಿ ಇರುವಂಥದ್ದು. ಅವುಗಳ ಕಣ್ಣು ಉದುರಿದರೆ ಗಾಜಿನ ಕಣ್ಣು ಕೂರಿಸುವವನು ನಾನು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಈ ಕಸುಬಿಗೆ ನಾನೊಬ್ಬನೇ. ಹಾಗಾಗಿ ಬೈಸಿಕೊಳ್ಳುವವನೂ ನಾನೊಬ್ಬನೇ.

ಬಸ್ಸಿನಲ್ಲಿ

ಗಾಜಿನ ಕಣ್ಣಿನ ಬೆನ್ನಿಗೆ ಕಂದು ಬಣ್ಣ ಹಚ್ಚಿ ಒಣಗಿಸಿದರೆ ಒಳಗೆ ಕೊಳದಂಥ ಆಳ ಬರುತ್ತದೆ. ಒಮ್ಮೆ ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸು ಹತ್ತಿ, ಡಬ್ಬಿ ತೆರೆದು, ಒಂದು ಕಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ಹೊರಗಿನ ತೆಂಗು, ಗದ್ದೆ, ಮೋಡ ಎಲ್ಲ ಅದರ ಮೈಮೇಲೆ ಸಣ್ಣದಾಗಿ ತೇಲಿಹೋಗುತ್ತಿದ್ದವು. ಎಷ್ಟು ಸುಖ ಅಂತೀರಿ! ಅಷ್ಟರಲ್ಲಿ ಡ್ರೈವರ್ ಬ್ರೇಕ್ ಒತ್ತಿದ. ಡಬ್ಬಿ ಮಗುಚಿ ಕಣ್ಣುಗಳೆಲ್ಲ ಸೀಟಿನಡಿಗೆ ಉರುಳಿದವು.

ಕಂಡಕ್ಟರ್ ಒಂದನ್ನು ಹೆಕ್ಕಿ ಎತ್ತಿ ಹಿಡಿದ. “ಹ್ವಾಯ್, ಇದ್ ಯಾರ ಕಣ್ಣ್ ಮರ್ರೆ?”

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೇ ತಮ್ಮ ತಮ್ಮ ಕಣ್ಣು ಮುಟ್ಟಿ ನೋಡಿಕೊಂಡರು. ನಾನೂ ಮುಟ್ಟಿಕೊಂಡೆ.

ತ್ರಾಸಿಯ ಲಾಡ್ಜು

ಜಿಂಕೆಯ ಪಾಪೆ ನಮ್ಮದರಂತೆ ದುಂಡಗಲ್ಲ, ಅಡ್ಡಕ್ಕೆ ಉದ್ದ. ತಲೆ ಗೋಡೆಯಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ಇಟ್ಟುಕೊಂಡು ಪಾಪೆಯನ್ನು ನೆಲಕ್ಕೆ ಸಮವಾಗಿ ಕೂರಿಸಬೇಕು. ತ್ರಾಸಿಯ ಲಾಡ್ಜಿನಲ್ಲಿ ಸಮುದ್ರದ ಸದ್ದು ಜೋಗುಳದ ಹಾಗೆ ಬರುತ್ತಿತ್ತು. ನಾನು ತೂಕಡಿಸುತ್ತ, ತಲೆಯನ್ನು ಮೇಜಿನ ಮೇಲೆ ಮಲಗಿಸಿಯೇ ಕಣ್ಣು ಕೂರಿಸಿಬಿಟ್ಟೆ. ಗೋಡೆಗೇರಿಸಿದರೆ ಜಿಂಕೆ ಸೀದಾ ಫ್ಯಾನ್ ನೋಡುತ್ತಿದೆ!

ವಾರ ಕಳೆದು ಯಜಮಾನರ ಫೋನು. “ಎಂತ ಮರ್ರೆ ಇದ್? ಬಂದವ್ರೆಲ್ಲ ಜಿಂಕಿ ಕಾಂತ್ರ್. ಜಿಂಕಿ ಮೇಲ್ ಕಾಂತ್, ಅವ್ರೂ ಮೇಲ್ ಕಾಂತ್ರ್. ಕಂಡ್, ಫ್ಯಾನಂಗೆ ಧೂಳ್ ಅಂತ್ರ್!”

“ತಪ್ಪಾಯ್ತ್, ನಾಳೆ ಬಂದ್ ಸರಿ ಮಾಡ್ತೆ” ಅಂದೆ.

ಅವರು ಗಡಿಬಿಡಿಯಲ್ಲಿ ತಡೆದರು. “ಬ್ಯಾಡ, ಬ್ಯಾಡ. ಈಗ ಕೆಲ್ಸದವ್ರ್ ದಿನಾ ಫ್ಯಾನ್ ಒರ್ಸ್ತ್ರ್. ಅಡ್ಗಿ ಕೋಣಿಗ್ ಇನ್ನೊಂದ್ ಜಿಂಕಿ ಸಿಕ್ಕತ್ತಾ?”

ಕೊಕ್ಕರ್ಣೆಯ ಅಜ್ಜಿ

ಕೊಕ್ಕರ್ಣೆಯ ಒಂದು ಮನೆಯಲ್ಲಿ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಆಪರೇಷನ್ನಿಗೆ ಸುತರಾಂ ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು: ಚಾವಡಿಯ ಜಿಂಕೆಗೆ ಮೊದಲು ಕಣ್ಣು ಹಾಕಿಸಬೇಕು, ಅದರದ್ದು ಸರಿಯಾದರೆ ತಾನೂ ಹೋಗುತ್ತೇನೆ. ಮಗ ಓಡಿಬಂದು ನನ್ನನ್ನು ಕರೆದೊಯ್ದ.

“ಅಜ್ಜೀ, ಅದ್ ಸತ್ತದ್ದಲ್ದಾ?” ಅಂದೆ.

“ಅದ್ಕೇ ಹೇಳದ್ದ್ ಮಗಾ. ಸತ್ತದ್ದಕ್ಕೇ ಕಣ್ಣ್ ಬಂದ್ರೆ ಬದ್ಕಿದ್ದ ನಂಗ್ ಬಾರ್ದೇ ಇರತ್ತಾ?”

ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. “ಹೆದ್ರಿಕಿ ಆತ್ತ್ ಮಗಾ. ಕಣ್ಣ್ ಪೂರಾ ಹೋರೆ ಇವ್ರ ಮುಖ ಕಾಂಬುದ್ ಹ್ಯಾಂಗೆ?” ಇವರು ಅಂದರೆ ಅಜ್ಜ. ಜಿಂಕೆಯ ಕೆಳಗೆ ಆರಾಮಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ಆವತ್ತು ಕನಸಿಗೆ ರಜೆ ಕೊಟ್ಟೆ. ಒದ್ದೆ ಹತ್ತಿಯಿಟ್ಟು ರೆಪ್ಪೆಯ ಚರ್ಮ ಮೆದು ಮಾಡಿ, ಗುಳಿಗೆ ಜೇಡಿಮಣ್ಣು ತುಂಬಿ, ಉಸಿರು ಹಿಡಿದು ಕಣ್ಣು ಕೂರಿಸಿದೆ. ಮಧ್ಯಾಹ್ನದ ಬೆಳಕು ಅಂಗಳದಿಂದ ಒಳಗೆ ಬಂದು ಆ ಕಣ್ಣಿನೊಳಗೆ ಮೆಲ್ಲಗೆ ಹೊತ್ತಿಕೊಂಡಿತು. ಜಿಂಕೆ ಈಗ ನೀರು ಕುಡಿದು ತಲೆಯೆತ್ತಿದಂತಿತ್ತು.

ಅಜ್ಜಿ ಸ್ಟೂಲು ಹತ್ತಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. “ಹೊಳೀತ್ ಮಗಾ. ಎಂತದೋ ಹೊಳೀತ್. ಆಯ್ತ್, ನಾ ಆಪರೇಷನ್ನಿಗ್ ಹೋತೆ.” ಹೇಳಿ ಇಳಿಯುವಾಗ ಜಿಂಕೆಗೂ ಒಂದು ಮಾತು ಹೇಳಿದರು: “ಹಗುರ ಕಾಣ್ ಮಾರಾಯಾ, ಒಂದ್ ವಾರ ತಲೆಗ್ ನೀರ್ ಹಾಕ್ಬ್ಯಾಡ.”

ಕಣ್ಣು ಬಂದ ಮೇಲೆ

ಎರಡೂ ಕಣ್ಣಿನ ಆಪರೇಷನ್ ಮುಗಿದು ಕಪ್ಪು ಕನ್ನಡಕ ತೆಗೆಯುವ ದಿನ ನನಗೂ ಕರೆ ಬಂತು. ಅಜ್ಜಿಗೆ ಕಾಣದಿದ್ದರೆ ಆ ಪಾಪವೂ ನನ್ನ ತಲೆಗೇ! ಅಜ್ಜ ಎಂದಿನಂತೆ ಕುರ್ಚಿಯಲ್ಲಿದ್ದರು, ಆದರೆ ನಿದ್ದೆ ಇರಲಿಲ್ಲ. ಹೆಗಲ ಮೇಲಿನ ಟವೆಲು, ಅದೇ ಬೈರಾಸು, ಹಿಂಡುತ್ತ ಕೂತಿದ್ದರು.

ಅಜ್ಜಿ ಕನ್ನಡಕ ತೆಗೆದು ಸೀದಾ ಗೋಡೆ ನೋಡಿದರು. ಎಷ್ಟೋ ವರ್ಷ ಆ ಜಿಂಕೆಯನ್ನು ಮಂಜಿನಲ್ಲೇ ಕಂಡವರು. ನೋಡಿದರು, ನೋಡಿದರು.

“ಅಯ್ಯಬ್ಬಾ, ಇದೆಂತದ್? ಕಿವಿ ಹುಳ ತಿಂದಿತ್, ಕೂದ್ಲ್ ಉದ್ರಿತ್, ಬಾಯಿ ಜೋತ್ ಬಿದ್ದಿತ್! ಇಂಥಾ ಹಾಳ್ ಸಾಮಾನ್ ಚಾವಡಿಯಂಗೆ ಇಟ್ಕಂಡದ್ದಾ? ತೆಗ್ದ್ ಹೊರಗ್ ಹಾಕಿ!”

ಮಗ ಕುಣಿದಾಡುವುದೊಂದು ಬಾಕಿ. ಅಜ್ಜಿಗೆ ಹುಳ ತಿಂದ ಕಿವಿಯೂ ಕಾಣುತ್ತಿದೆ! ಅಜ್ಜ ಮಾತ್ರ ಮೆಲ್ಲಗೆ ಎದ್ದು, ಬೋಳು ತಲೆಗೆ ಬೈರಾಸು ಸುತ್ತಿಕೊಂಡು ಬಾಗಿಲ ಕಡೆ ಹೊರಟರು.

“ಎಲ್ಲಿಗ್ ಹೊರಟದ್ದ್?” ಅಂತ ಕೇಳಿದೆ.

“ಜಿಂಕಿದ್ ಆಯ್ತಲೆ. ಇನ್ ನನ್ ಪಾಳಿ” ಅಂದರು.

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಹೊಸ ಕಣ್ಣುಗಳಲ್ಲಿ ನೀರು ತುಂಬಿತ್ತು.

“ಹ್ವಾಯ್, ಬಂದ್ ಕೂಕಣಿ. ನೀವೂ ಹಾಳಾಯಿದ್ರಿ, ಸುಳ್ಳಲ್ಲ. ಆದ್ರೂ ನಿಮ್ ಕಣ್ಣ್ ಒರಿಜಿನಲ್ ಅಲ್ದಾ!”