ಹೊಲದ ದಾರಿಯಲ್ಲಿ ನಮ್ಮ ಭಾನುವಾರಗಳು

ನಾನು ಮನಗೂಳಿಯಲ್ಲಿ ಟೇಲರ್. ಭಾನುವಾರ ಬಂತೆಂದರೆ ಐದಾರು ಮಂದಿ ಗೆಳೆಯರು ಸೇರಿ ಸುತ್ತಲಿನ ಕಾಲುದಾರಿಗಳ ಮುಳ್ಳು ಕಡಿಯಲು, ಬಿದ್ದ ಕಲ್ಲುಗೋಡೆ ಕಟ್ಟಲು ಹೊರಡುತ್ತೇವೆ. ಪಗಾರಿಲ್ಲದ ಕೆಲಸ. ಆದರೆ ನಗದೆ ಮನೆಗೆ ಬಂದ ವಾರ ನನಗೆ ನೆನಪಿಲ್ಲ.

ಆಡಿನ ದಾರಿ

ಇಂಗಳೇಶ್ವರದ ಹತ್ತಿರ ಮೇವಿನ ಹೊರೆ ಹೊತ್ತ ಹೆಣ್ಣುಮಕ್ಕಳು ಒಂದು ಗೋಡೆ ದಾಟಲು ಒದ್ದಾಡುತ್ತಿದ್ದರು. ಎರಡೂ ಬದಿಗೆ ಕಲ್ಲಿನ ಮೆಟ್ಟಿಲು ಕೂಡಿಸಿದೆವು. ಮರುವಾರ ಹೊಲದವನು ಕಾದು ನಿಂತಿದ್ದ.

"ಭಾಳ ಚಂದ ಮಾಡೀರಿ. ಊರಾಗಿನ ಆಡೆಲ್ಲಾ ಹತ್ತಿ ಬಂದು ನನ್ನ ತೊಗರಿ ಮೇಯಾಕತ್ತಾವ."

ಆವತ್ತೇ ಮೆಟ್ಟಿಲ ಮೇಲೊಂದು ಸಣ್ಣ ಬಾಗಿಲು ಹಚ್ಚಿದೆವು. ಅವನು ಅದನ್ನು ತೆರೆದು, ಮುಚ್ಚಿ ನೋಡಿ ಹೇಳಿದ: "ಚಿಲಕ ಇನ್ನಷ್ಟ ಮ್ಯಾಲೆ ಹಚ್ಚರಿ. ಆ ಹೋತ ಭಾಳ ಶಾಣ್ಯಾ ಐತಿ."

ಕೇಳದೆ ಕಟ್ಟಿದ್ದು

ಸಿಂದಗಿ ಕಡೆ ಒಂದು ಗೋಡೆ ಅಗಲಕ್ಕೆ ಬಿದ್ದಿತ್ತು. "ಹೊಲದವರನ್ನ ಕೇಳೂಣೇನ್ರಿ?" ಅಂದೆ. ನಮ್ಮ ಜೊತೆಗಿದ್ದ ನಿವೃತ್ತ ಮಾಸ್ತರು, "ಒಳ್ಳೇ ಕೆಲಸಕ್ಕ ಕೇಳೂದೇನು?" ಅಂದರು. ಮಧ್ಯಾಹ್ನದ ಹೊತ್ತಿಗೆ ಕಟ್ಟಿ ಮುಗಿಸಿದೆವು. ಅಷ್ಟರಲ್ಲಿ ಹೊಲದವನು ಟ್ರ್ಯಾಕ್ಟರ್ ತಂದ.

"ಯಪ್ಪಾ! ಕಬ್ಬು ಒಯ್ಯಾಕಂತ ನಿನ್ನಿ ದಿನಾಪೂರ್ತಿ ಬೆವರು ಸುರಿಸಿ ಕೆಡವೇನ್ರಿ ಇದನ್ನ!"

ಮಾಸ್ತರು ಹಣೆ ಒರೆಸಿಕೊಂಡು ಹಾರೆ ಎತ್ತಿದರು. "ಚಿಂತಿ ಮಾಡಬ್ಯಾಡ. ಕೆಡವೂದೂ ನಮ್ಮಲ್ಲಿ ಪುಕಟ್ಟ."

ಅಣ್ಣ, ತಮ್ಮ, ನಡುವೆ ಗೋಡೆ

ಮುದ್ದೇಬಿಹಾಳದ ಹತ್ತಿರದ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರ ಹೊಲದ ನಡುವಿನ ಗೋಡೆಯ ಮೇಲೆ ಜಾಲಿ ಮುಳ್ಳು ಹೇರಿದ್ದರಿಂದ ಊರ ಮಂದಿಯೆಲ್ಲ ಸುತ್ತು ಹಾಕಿ ಹೋಗಬೇಕಿತ್ತು. ನಾವು ಇಬ್ಬರ ಕೈಕಾಲು ಹಿಡಿದು, ಮುಳ್ಳು ತೆಗೆಸಿ, ಅಲ್ಲೂ ಮೆಟ್ಟಿಲು ಕೂಡಿಸಿದೆವು.

ಕೆಲಸ ನೋಡಲು ಅಣ್ಣ ಈ ಕಡೆಯಿಂದ ಹತ್ತಿದ, ತಮ್ಮ ಆ ಕಡೆಯಿಂದ. ಗೋಡೆಯ ನೆತ್ತಿಯ ಮೇಲೆ ಎದುರಾಬದುರಾದರು. ಯಾರೂ ಹಿಂದೆ ಸರಿಯಲೊಲ್ಲರು. ಇನ್ನೇನು ಕೈ ಕೈ ಮಿಲಾಯಿಸುತ್ತಾರೆ ಅನ್ನುವಾಗ ಬುತ್ತಿ ಹೊತ್ತ ಅಣ್ಣನ ಹೆಂಡತಿ ಕೆಳಗೆ ಬಂದು ನಿಂತಳು.

"ಇಳೀತೀರೋ, ಇಬ್ಬರಿಗೂ ಅಲ್ಲೇ ಕುಂಕುಮ ಹಚ್ಚಿ ಕಾಯಿ ಒಡೀಲೋ?"

ನಾಚಿಕೆಗೆ ಇಬ್ಬರೂ ಒಮ್ಮೆಲೇ ಜಿಗಿದರು. ಗಡಿಬಿಡಿಯಲ್ಲಿ ತಮ್ಮ ಅಣ್ಣನ ಹೊಲಕ್ಕೆ ಬಿದ್ದ, ಅಣ್ಣ ತಮ್ಮನ ಹೊಲಕ್ಕೆ.

ತಮ್ಮನ ಹೊಲದಲ್ಲಿ ಕಳೆ ಕೀಳುತ್ತಿದ್ದ ಅವನ ಹೆಂಡತಿ ಗಾಬರಿಯಾಗಿ ಎದ್ದು ತಲೆ ಮೇಲೆ ಸೆರಗು ಎಳೆದುಕೊಂಡಳು. "ಭಾವಾರ, ಎಷ್ಟ ವರ್ಷಕ್ಕ ಬಂದೀರಿ! ಬರ್ರಿ, ರೊಟ್ಟಿ ತಿನ್ನೀರಂತ."

ಅಣ್ಣ ಮೊಣಕಾಲಿನ ಮಣ್ಣು ಝಾಡಿಸುತ್ತ ಬಿಗುವಾಗಿ ಅಂದ: "ನಾ ಬಂದಿಲ್ಲವಾ. ಬಿದ್ದೇನಿ."

"ಇರ್ಲಿ ಬಿಡ್ರಿ," ಅಂದಳು ಆಕೆ, ತನ್ನ ಬುತ್ತಿ ಬಿಚ್ಚುತ್ತ. "ಬಿದ್ದಾವ್ರಿಗೂ ಹಸಿವು ಇರತೈತಿ."