ನಳದ ಮುಂದೆ ಮುದುಕರಿಗೆ ಮೊದಲ ಪಾಳಿ

ಮಾನ್ಯ ವೃದ್ಧಜನ ಸೌಕರ್ಯಾಧಿಕಾರಿ ಸಾಹೇಬರೇ,

ಮುಂಬಯಿಯ ದಾದರ್ ಚಾಳಿನ ಮೂರನೇ ಮಾಳಿಗೆಯಿಂದ ನಾಗವ್ವನ ಶರಣು ಶರಣಾರ್ಥಿ. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಂಬಿದ ಮೇಲೂ ಚಿಂತೆ ಇದ್ದೇ ಇದೆ, ಅದು ನನ್ನ ಸ್ವಭಾವ. ನಾನು ಕಲಿತದ್ದು ಎರಡನೇ ಇಯತ್ತೆ; ಪ್ಲೇಗು ಬಂದು ಶಾಲೆ ಮುಚ್ಚಿತು, ಮತ್ತೆ ತೆರೆಯುವಷ್ಟರಲ್ಲಿ ನನ್ನ ಲಗ್ನವಾಗಿತ್ತು. ಇದರಲ್ಲಿ ತಪ್ಪು ಕಂಡರೆ ಪ್ಲೇಗಿನ ಪಾಲಿಗೆ ಬರೆದುಕೊಳ್ಳಬೇಕು.

ಮುದುಕರನ್ನು ನೆರೆಹೊರೆಯವರು ಆದರಿಸಬೇಕೆಂದು ಸರಕಾರ ಯೋಚಿಸಿ, ನಮ್ಮ ಚಾಳಿನ ನಳದ ಮೇಲೆ 'ಮುದುಕರಿಗೆ ಮೊದಲ ಪಾಳಿ' ಎಂದು ತಾವು ಬೋರ್ಡು ಹಾಕಿಸಿದಿರಿ. ತಮ್ಮ ಹೊಟ್ಟೆ ತಣ್ಣಗಿರಲಿ. ಅಲ್ಲಿಯವರೆಗೆ ನಾನು ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು. ಎದ್ದೆನೋ ಮಲಗಿದೆನೋ ಯಾರೂ ಕೇಳುತ್ತಿರಲಿಲ್ಲ. ಈಗ ನೀರು ಬರುವ ಮೊದಲೇ ಸೊಸೆ ಚಂಪಾ ನನ್ನನ್ನು ಎಬ್ಬಿಸಿ, ಕೈಗೆ ಕೊಡ ಕೊಟ್ಟು, "ಅತ್ತಿ, ನಾ ಹೋದ್ರ ಮಧ್ಯಾಹ್ನ ಆಗ್ತದ, ನೀವು ಹೋದ್ರ ಬೋರ್ಡ್ ನೋಡಿ ಎಲ್ಲಾರೂ ಸರೀತಾರ" ಎನ್ನುತ್ತಾಳೆ. ಸರಿಯುತ್ತಾರೆ, ನಿಜ. ತುಂಬಿದ ಕೊಡವನ್ನು ಮೂರು ಮಾಳಿಗೆ ಹತ್ತಿಸುವ ಬೋರ್ಡನ್ನು ಮಾತ್ರ ತಾವು ಇನ್ನೂ ಬರೆಸಿಲ್ಲ.

ಪಕ್ಕದ ಖೋಲಿಯ ಶೀಲಾವತಿ ಉಡುಪಿಯವಳು, ಗಂಡ ಹೋಟೆಲಿನಲ್ಲಿದ್ದಾನೆ. ಅತ್ತೆ ಊರಲ್ಲೇ ಉಳಿದದ್ದರಿಂದ ಅವರ ಮನೆಯಲ್ಲಿ ಮುದುಕರ ಅಭಾವ. "ಅಮ್ಮಾ, ಹೇಗೂ ಹೋಗ್ತೀರಲ್ಲಾ, ನಮ್ದೂ ಒಂದು ಕೊಡಪಾನ ಹಿಡಿದು ಬಿಡಿ ಮಾರಾಯ್ರೆ" ಎಂದು ಇಡ್ಲಿ ಕೊಟ್ಟು ಕೇಳಿದಳು. ಇಡ್ಲಿ ಒಂದು ದಿನ ಬಂತು, ಕೊಡಪಾನ ದಿನಾ ಬರುತ್ತಿದೆ. ಕೆಳಗಿನ ಮಾಳಿಗೆಯ ವಿಜಾಪುರದ ಗಂಗುಬಾಯಿಗೆ ಐವತ್ತೂ ತುಂಬಿಲ್ಲ, ಆಗಲೇ ಕೋಲು ಹಿಡಿದು ಕುಂಟುತ್ತಿದ್ದಾಳೆ. "ನಿನಗ ಯಾವಾಗ ವಯಸ್ಸಾತವಾ?" ಎಂದು ಕೇಳಿದರೆ, "ಬೋರ್ಡ್ ಓದಿದ ಮ್ಯಾಲ" ಎಂದಳು.

ಇಷ್ಟು ಆದರ ಸಿಕ್ಕ ಮೇಲೆ, ನಾನು ಸತ್ತರೆ ಇಡೀ ಮಾಳಿಗೆಯೇ ಅಳುತ್ತದೆಂಬ ಧೈರ್ಯ ಬಂದಿದೆ. ಅಳುವುದು ನನಗೋ ನೀರಿಗೋ ಎಂಬುದೊಂದೇ ಚಿಂತೆ.

ಆದರೆ ಸಾಹೇಬರೇ, ಬೆಳಗಾವಿಯಲ್ಲಿ ನನ್ನ ಕಿರಿಯ ಮಗಳು ಸೇವಂತಿಗೆ ದಿನ ತುಂಬುತ್ತಾ ಬಂದಿವೆ. ಇಲ್ಲಿ ಕಾಲು ಚಾಚಲು ಜಾಗವಿಲ್ಲ, ಬಾಣಂತನಕ್ಕೆ ನಾನೇ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಹೋದ ವರ್ಷ ಊರಿಗೆ ಹೋಗುತ್ತೇನೆಂದಾಗ ಅದೇ ಸಂಜೆ ಟಿಕೆಟು ತಂದಿದ್ದ ಮಗ ಶಂಕ್ರೆಪ್ಪ ಈಗ, "ಮಳಿ ಹಿಡೀಲಿ ಬೇ, ನೀರಿನ ತ್ರಾಸ ಕಡಿಮಿ ಆಗ್ತದ" ಎನ್ನುತ್ತಾನೆ. ಹೊಟ್ಟೆಯೊಳಗಿನ ಕೂಸಿಗೆ ಮಳೆಗಾಲದ ವರೆಗೆ ಕಾಯೆಂದು ಹೇಳುವವರು ಯಾರು?

ತಮ್ಮ ಕಚೇರಿಗೇ ಬಂದು ಅರಿಕೆ ಮಾಡೋಣವೆಂದರೆ ಅಲ್ಲಿ ಮುದುಕರಿಗೆ ಮೊದಲ ಪಾಳಿ ಇಲ್ಲವಂತೆ. ಅದಕ್ಕೇ ಪತ್ರಿಕೆಯ ಮೂಲಕ ಬೇಡುತ್ತಿದ್ದೇನೆ. ಬಾಣಂತನ ಮುಗಿಯುವ ತನಕ ನನ್ನನ್ನು ಸರಕಾರಿ ಆಜ್ಞೆಯಿಂದ ಮೂವತ್ತು ವರ್ಷದವಳೆಂದು ಸಾರಬೇಕು. ಅದು ಕಾನೂನಿಗೆ ಕೂಡದಿದ್ದರೆ ಚಂಪಾಳನ್ನು ಅಷ್ಟು ದಿನ ಮುದುಕಿ ಮಾಡಬೇಕು. ಎರಡೂ ಆಗದಿದ್ದರೆ ಬೋರ್ಡಿನ ಕೆಳಗೆ 'ಮುದುಕರು ತಂಬಿಗೆಯನ್ನು ಮಾತ್ರ ತರತಕ್ಕದ್ದು' ಎಂದು ಒಂದು ಸಾಲು ಸೇರಿಸಬೇಕು.

ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಲೇ ತಮ್ಮನ್ನು ಹರಸುತ್ತಿರುವ,
ತಮ್ಮ ವಿಶ್ವಾಸಿ,
ನಾಗವ್ವ

ತಾ.ಕ.: ಪತ್ರಿಕೆಯಲ್ಲಿ ತಮ್ಮ ಫೋಟೋ ನೋಡಿದೆ. ತಲೆ ಪೂರ್ತಿ ಬೆಳ್ಳಗಾಗಿದೆ, ಹೆಗಲು ಇನ್ನೂ ಗಟ್ಟಿಯಿದ್ದಂತಿದೆ. ನಾನು ಬೆಳಗಾವಿಗೆ ಹೋಗಿ ಬರುವ ತನಕ ತಾವೇ ನಮ್ಮಲ್ಲಿ ಬಂದು ಇರಬಹುದು. ಚಂಪಾಳನ್ನು ಕೇಳಿದ್ದೇನೆ, ಮುದುಕರಲ್ಲಿ ಗಂಡು ಹೆಣ್ಣು ಎಂಬ ಭೇದ ಮಾಡುವವಳಲ್ಲ ಅವಳು.