ಪುಟ ಹದಿನಾಲ್ಕರ ತಿಪ್ಪೆ

ಪರಿಸರ ನಿರ್ವಹಣೆ ಎಂಬ ವಿಷಯದಲ್ಲಿ ನಾನು ಸ್ನಾತಕೋತ್ತರ ಪದವೀಧರೆ. ಅದೂ ಪ್ರಥಮ ದರ್ಜೆಯಲ್ಲಿ! ಪ್ರಾಜೆಕ್ಟಿನಲ್ಲಂತೂ ಇಡೀ ತರಗತಿಗೇ ಹೆಚ್ಚು ಅಂಕ ನನ್ನದೇ! ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ತುಮಕೂರಿಗೆ ವಿಶ್ವವಿದ್ಯಾಲಯ ಬಂದ ಹೊಸತು. ನನಗಾಗ ಮೂವತ್ತನಾಲ್ಕು. ಗುಬ್ಬಿಯಲ್ಲಿ ನಮ್ಮ ಯಜಮಾನರದು ಗೊಬ್ಬರದ ಅಂಗಡಿ. ಅಂದರೆ ಯೂರಿಯಾ, ಡಿಎಪಿ, ಪೊಟ್ಯಾಷ್. ಬಿ.ಎಸ್ಸಿ. ಮುಗಿಸಿದ ಮೇಲೆ ಹನ್ನೆರಡು ವರ್ಷ ಸಾರಿಗೆ ಒಗ್ಗರಣೆ ಹಾಕುವುದೊಂದನ್ನೇ ಪ್ರಯೋಗ ಎಂದುಕೊಂಡಿದ್ದ ನಾನು, ಒಂದು ಬೆಳಗ್ಗೆ ಪೇಪರಿನಲ್ಲಿ ಪ್ರಕಟಣೆ ನೋಡಿ, ಎಂ.ಎಸ್ಸಿ. ಸೇರುತ್ತೇನೆ ಎಂದು ಘೋಷಿಸಿದೆ.

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ಏನ್ ಓದ್ತೀಯೇ?"

"ಪರಿಸರ ನಿರ್ವಹಣೆ. ಕಸ, ನೀರು, ಗಾಳಿ ಇವನ್ನೆಲ್ಲ ಹೆಂಗೆ ನೋಡ್ಕೋಬೇಕು ಅಂತ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅತ್ತೆ ಗೌರಮ್ಮ ಹುತ್ರಿದುರ್ಗದ ಕಡೆಯವರು. ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. "ಕಸ ಹಾಕದು ಕಲಿಯಕ್ಕೆ ತುಮಕೂರಿಗಂಟ ಹೋಗ್ಬೇಕೇನವ್ವ?"

ನಾನು ದೊಡ್ಡ ಮನಸ್ಸು ಮಾಡಿ ಮುಗುಳ್ನಕ್ಕೆ. ಅಜ್ಞಾನವನ್ನು ಕ್ಷಮಿಸುವುದು ವಿದ್ಯಾವಂತರ ಕರ್ತವ್ಯ!

ಯಜಮಾನರು ಒಂದು ಷರತ್ತು ಹಾಕಿದರು. "ಒಂದೇ ಸಲ ಕಣೇ. ಪಾಸಾದ್ರೆ ಎಲ್ಲಿ ಬೇಕಾದ್ರೂ ಕೆಲ್ಸಕ್ಕೆ ಹೋಗು, ನಾನೇ ಬಸ್ ಹತ್ತುಸ್ತೀನಿ. ಫೇಲಾದ್ರೆ ಅಂಗಡೀಲಿ ಕೂತು ಯೂರಿಯಾ ಬಿಲ್ ಬರಿ. ಎರಡನೇ ಸಲ ಕಟ್ತೀನಿ ಅನ್ನಂಗಿಲ್ಲ." ಯೂರಿಯಾ ಮೂಟೆಗಳ ನಡುವೆ ಜೀವಮಾನವಿಡೀ ಕೂತಿರುವ ನನ್ನನ್ನು ನಾನೇ ಕಲ್ಪಿಸಿಕೊಂಡೆ. ಆದರೂ ಒಪ್ಪಿಕೊಂಡೆ.

ಓದು ಸರಾಗವಾಗಿ ಸಾಗಿತು. ದಿನಾ ಬೆಳಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಪ್ರೈವೇಟ್ ಬಸ್ಸು. ನನಗಿಂತ ಹನ್ನೆರಡು ವರ್ಷ ಚಿಕ್ಕ ಮಕ್ಕಳೆಲ್ಲ ‘ಆಂಟಿ, ನೋಟ್ಸ್ ಕೊಡಿ’ ಎನ್ನುತ್ತಿದ್ದವು. ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟು. ನಾನು ಆರಿಸಿಕೊಂಡ ವಿಷಯ, ಮನೆಯ ಹಸಿಕಸದಿಂದ ಎರೆಗೊಬ್ಬರ. ಮನೆಯ ಹಿತ್ತಲಲ್ಲಿ ಗಾರೆಯವನನ್ನು ಕರೆಸಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ಎರಡು ಕೆಜಿ ಎರೆಹುಳು ತರಿಸಿ ಬಿಟ್ಟೆ. ಅಂಥ ತೊಟ್ಟಿ ಗುಬ್ಬಿ ತಾಲ್ಲೂಕಿನಲ್ಲೇ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಅತ್ತೆ ಬಂದು ನೋಡಿದರು. "ಮ್ಯಾಲೆ ಒಂದು ಹಸಿ ಗೋಣಿ ಮುಚ್ಚಿ ಎರಡು ಮುಳ್ಳಿನ ಕೊಂಬೆ ಹಾಕು ಕಣಮ್ಮ."

"ಅತ್ತೆ, ಹುಳುಗಳಿಗೆ ಗಾಳಿ ಬೇಕು. ಅದಕ್ಕೆ ಏರೇಷನ್ ಅಂತಾರೆ."

"ಹಂಗಾ? ಸರಿ ಬುಡು." ಅವರು ಸೆರಗು ಸಿಕ್ಕಿಸಿಕೊಂಡು ಹಸುವಿನ ಕಡೆ ಹೋದರು.

ಆಮೇಲೆ ನಾನು ವರದಿ ಬರೆಯುವುದರಲ್ಲಿ ಮುಳುಗಿಹೋದೆ. ಎಷ್ಟು ಮುಳುಗಿದೆನೆಂದರೆ ತೊಟ್ಟಿಯ ಕಡೆ ತಲೆ ಹಾಕಲು ಪುರಸೊತ್ತೇ ಇರಲಿಲ್ಲ. ಆರು ವಾರದಲ್ಲಿ ಹುಳುಗಳ ಸಂಖ್ಯೆ ಹೆಚ್ಚಬೇಕು ಎಂದು ಪುಸ್ತಕ ಹೇಳಿತ್ತು. ‘ಗಣನೀಯವಾಗಿ ಹೆಚ್ಚಿದೆ’ ಎಂದು ನಾನು ಬರೆದೆ. ಪುಸ್ತಕದವರು ಸುಳ್ಳು ಹೇಳುತ್ತಾರೆಯೇ? ಇಂಗ್ಲಿಷಿನಲ್ಲಿ ಅರವತ್ತು ಪುಟ, ಬಣ್ಣದ ಫೋಟೋಗಳ ಸಮೇತ, ಬೈಂಡು ಮಾಡಿಸಿ ವಿಭಾಗಕ್ಕೆ ಒಪ್ಪಿಸಿಬಂದೆ.

ಹದಿನೈದು ದಿನ ಬಿಟ್ಟು ಒಂದು ಬೆಳಗ್ಗೆ ಅಂಗಡಿಗೆ ಫೋನ್ ಬಂತು. ಹೊರಗಿನಿಂದ ಬರುವ ಪರೀಕ್ಷಕರು ನಾಡಿದ್ದು ಬೆಳಗ್ಗೆ ಮನೆಗೇ ಬಂದು ತೊಟ್ಟಿ ನೋಡುತ್ತಾರಂತೆ! ಮೌಖಿಕ ಪರೀಕ್ಷೆಯೂ ಅಲ್ಲೇ ಅಂತೆ! ಹೆಮ್ಮೆಯಿಂದ ಹಿತ್ತಲಿಗೆ ಓಡಿದೆ.

ತೊಟ್ಟಿಯಲ್ಲಿ ಏಳು ಕೋಳಿಗಳಿದ್ದವು.

ಪಕ್ಕದ ಮನೆ ಲಕ್ಷ್ಮಕ್ಕನ ನಾಟಿ ಕೋಳಿಗಳು. ದಿನಾ ಬಂದು ಅಭ್ಯಾಸವಾದ ಗತ್ತಿನಲ್ಲಿ ಕೆದರುತ್ತಿದ್ದವು. ನಾನು ‘ಹುಶ್’ ಎಂದರೆ ಅವುಗಳಲ್ಲೊಂದು ತಲೆಯೆತ್ತಿ, ಊಟದ ಹೊತ್ತಿನಲ್ಲಿ ಇವಳ್ಯಾರು ಎಂಬಂತೆ ನನ್ನನ್ನು ನೋಡಿತು! ಓಡಿಸಿ ಕೈ ಹಾಕಿ ಹುಡುಕಿದೆ. ಒಣಗಿದ ಎಲೆ, ಬಾಳೆಹಣ್ಣಿನ ಸಿಪ್ಪೆ, ಎರಡು ಪುಕ್ಕ. ಹುಳು ಒಂದೂ ಇಲ್ಲ. ಆ ತಿಂಗಳೆಲ್ಲ ಲಕ್ಷ್ಮಕ್ಕ "ನಮ್ ಕೋಳಿಗದೇನ್ ಬಂದೈತೋ, ದಿನಾ ಮೊಟ್ಟೆ ಇಕ್ತಾವೆ!" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಸಂತೋಷ ಲಕ್ಷ್ಮಕ್ಕ ಎಂದು ನಾನೂ ಅಂದಿದ್ದೆ.

ಅತ್ತೆಗೆ ಹೇಳುವುದೇ? ಗೋಣಿ ಮುಚ್ಚು ಎಂದವರಿಗೆ? ಏರೇಷನ್ ಪಾಠ ಮಾಡಿದ ಬಾಯಿಂದ? ಸಾಧ್ಯವೇ ಇಲ್ಲ. "ಅವ್ವನ್ನ ನೋಡ್ಬೇಕು ಅನ್ನಿಸ್ತೈತೆ ಅತ್ತೆ, ಸಂಜೆಗೆ ಬಂದ್ಬಿಡ್ತೀನಿ" ಎಂದು ಸುಳ್ಳು ಹೇಳಿ ಬಸ್ ಹತ್ತಿದೆ. ನನ್ನ ತವರು ಅಮೃತೂರು. ಗುಬ್ಬಿಯಿಂದ ತುಮಕೂರು, ತುಮಕೂರಿಂದ ಕುಣಿಗಲ್, ಅಲ್ಲಿಂದ ಅಮೃತೂರಿಗೆ ಇನ್ನೊಂದು ಬಸ್ಸು. ಅಣ್ಣನ ತೆಂಗಿನ ತೋಟದಲ್ಲಿ ಸಗಣಿ ಗುಡ್ಡೆಯ ಕೆಳಗೆ ಹುಳು ಇದ್ದೇ ಇರುತ್ತವೆ ಎಂಬುದು ನನ್ನ ಲೆಕ್ಕ.

ಇದ್ದವು. ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದೆ. ಅವ್ವ ಬಂದು ಹಣೆ ಹಣೆ ಚಚ್ಚಿಕೊಂಡಳು. "ಹಬ್ಬಕ್ಕೆ ಕರುದ್ರೆ ಬರಲ್ಲ, ಹುಳ ಅಗಿಯಕ್ಕೆ ಬಂದಿದೀಯಾ? ಓದಿ ಓದಿ ಏನಾಗೋಯ್ತೇ ನಿಂಗೆ?"

ಆದರೂ ತಾಯಿ. ಮಗಳು ತವರಿನಿಂದ ಬರಿಗೈಲಿ ಹೋಗಬಾರದಲ್ಲ! ನಾನು ಅಗೆದು ಮುಗಿಸುವಷ್ಟರಲ್ಲಿ, ಮೊದಲೇ ಮಾಡಿಟ್ಟಿದ್ದ ಪಾಕದ ಹಿಟ್ಟಿನಲ್ಲಿ ಕಜ್ಜಾಯ ಕರಿದಿದ್ದಳು. ಮನೆಯಲ್ಲಿದ್ದ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಲ್ಲಿ ಒಂದಕ್ಕೆ ಕಜ್ಜಾಯ, ಇನ್ನೊಂದಕ್ಕೆ ನನ್ನ ಹುಳು. ಎರಡಕ್ಕೂ ಬಿಳಿ ಬಟ್ಟೆ ಕಟ್ಟಿ, ಒಂದೇ ಬ್ಯಾಗಿನಲ್ಲಿಟ್ಟು, ಮೇಲೆ ಎಲೆ ಅಡಿಕೆ ಹೂವು ಇಟ್ಟು, "ಬೀಗಿತಿ ಕೈಗೇ ಕೊಡವ್ವ" ಎಂದು ಹರಸಿ ಕಳಿಸಿದಳು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮೈಯೆಲ್ಲ ಸಗಣಿ ವಾಸನೆ. ಬ್ಯಾಗನ್ನು ನಡುಮನೆಯಲ್ಲಿಟ್ಟು, ಐದೇ ನಿಮಿಷ, ಬಚ್ಚಲಿಗೆ ಹೋದೆ.

ಐದು ನಿಮಿಷ ಬೇಕಾಗಿರಲಿಲ್ಲ. ಎರಡೇ ಸಾಕಾಯಿತು.

ನಮ್ಮ ಕಡೆ ಒಂದು ಪದ್ಧತಿ. ಸೊಸೆಯ ತವರಿನಿಂದ ತಿಂಡಿ ಬಂದರೆ ಮನೆಯವರು ಬಾಯಿಗೆ ಹಾಕುವ ಮೊದಲು ಪಕ್ಕದ ಮನೆಗೆ ಹೋಗಬೇಕು. ಅದರಲ್ಲೂ ಲಕ್ಷ್ಮಕ್ಕ ಹಿಂದಿನ ವಾರವಷ್ಟೇ ನಮಗೆ ಒಬ್ಬಟ್ಟು ಕಳಿಸಿದ್ದಳು. ಬ್ಯಾಗಿನಲ್ಲಿ ಎರಡು ಡಬ್ಬಿ ನೋಡಿದ ಅತ್ತೆಗೆ, ಬೀಗಿತಿ ಒಂದನ್ನು ಹಂಚಲಿಕ್ಕೇ ಕಳಿಸಿದ್ದಾರೆ ಎಂದು ಹೃದಯ ತುಂಬಿಬಂತು. ಕಾಂಪೌಂಡಿನ ಮೇಲಿಂದಲೇ ಒಂದನ್ನು ದಾಟಿಸಿದರು, ಅರಿಶಿನ ಕುಂಕುಮದ ಸಮೇತ!

ಬಚ್ಚಲಲ್ಲಿದ್ದ ನನಗೆ ಕೇಳಿಸಿದ್ದು ಲಕ್ಷ್ಮಕ್ಕನ ಕಿರುಚಾಟ. ಆಮೇಲೆ ಡಬ್ಬಿ ಚಪ್ಪಡಿಯ ಮೇಲೆ ಬಿದ್ದ ಸದ್ದು. ಆಮೇಲೆ ಕೋಳಿಗಳ ಸಂಭ್ರಮ. ಒದ್ದೆ ತಲೆಯಲ್ಲೇ ಓಡಿಬಂದು ನೋಡಿದೆ. ಅದೇ ಏಳು ಕೋಳಿ! ಮೊದಲ ಕಂತನ್ನು ಅವೇ ಬಂದು ತಿಂದಿದ್ದವು. ಎರಡನೆಯದನ್ನು ನಾನು ಮೂರು ಬಸ್ಸು ಬದಲಾಯಿಸಿ ಮನೆ ಬಾಗಿಲಿಗೇ ತಂದು ಬಡಿಸಿದ್ದೆ!

"ಗೌರಕ್ಕ, ನಾನೇನ್ ಪಾಪ ಮಾಡಿದ್ನಕ್ಕ ನಿಮ್ಗೆ?" ಲಕ್ಷ್ಮಕ್ಕ ಅಳುತ್ತಿದ್ದಳು. "ಒಬ್ಬಟ್ಟು ಕೊಟ್ಟಿದ್ದಕ್ಕೆ ಹುಳ ಕೊಡದಾ?"

ಅತ್ತೆ ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕೋಳಿ, ತೊಟ್ಟಿ, ಅಮೃತೂರು, ನಾಡಿದ್ದು ಪರೀಕ್ಷಕರು ಎಲ್ಲವನ್ನೂ ಅಲ್ಲೇ ನಿಂತು ಒಪ್ಪಿಸಿದೆ. ಅಷ್ಟರಲ್ಲಿ ಅಂಗಡಿಯಿಂದ ಬಂದ ಯಜಮಾನರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. "ಅಂಗಡೀಲಿ ಕುರ್ಚಿ ಒರ್ಸಿಡ್ಲೇನೇ?" ಎಂದರು. ನನಗೆ ನಿಜಕ್ಕೂ ಅಳು ಬಂತು. ಎರಡು ವರ್ಷ ರೈಲಿನಲ್ಲಿ ನಿಂತುಕೊಂಡು ಓದಿದ್ದು ಏಳು ಕೋಳಿಗಳ ಹೊಟ್ಟೆ ಸೇರಿತಲ್ಲ ಎಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ಸುಮ್ಕಿರ್ಲಾ ನೀನು!" ಅತ್ತೆ ಮಗನನ್ನು ಗದರಿದರು. ನನ್ನ ಕೈ ಹಿಡಿದು ಹಿತ್ತಲ ಮೂಲೆಗೆ, ನುಗ್ಗೆ ಮರದ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಅವರ ತಿಪ್ಪೆ. ನಮ್ಮ ಒಂದು ಹಸುವಿನ ಸಗಣಿ, ತರಕಾರಿ ಸಿಪ್ಪೆ, ತೆಂಗಿನ ನಾರಿನ ಪುಡಿ, ಬಚ್ಚಲೊಲೆ ಬೂದಿ ಎಲ್ಲ ಸೇರಿ ಬೆಳೆದ ಗುಡ್ಡೆ. ಮೇಲೆ ಹಸಿ ಗೋಣಿ, ಅದರ ಮೇಲೆ ಮುಳ್ಳು. ಅತ್ತೆ ಗೋಣಿ ಸರಿಸಿ ಒಂದು ಬೊಗಸೆ ತೆಗೆದರು. ಕಪ್ಪಗೆ, ಹುಡಿಹುಡಿಯಾಗಿತ್ತು, ಮೊದಲ ಮಳೆಯ ಮಣ್ಣಿನ ವಾಸನೆ. ತುಂಬ ಎರೆಹುಳು, ಸಾವಿರ ಇರಬಹುದು!

"ಇದು ನಿನ್ ಪುಸ್ತಕದಾಗೆ ಬರಾಕಿಲ್ವಾ?" ಎಂದು ಕೇಳಿದರು.

ಬಂದಿತ್ತು. ನನ್ನದೇ ವರದಿಯಲ್ಲಿ, ಪುಟ ಹದಿನಾಲ್ಕರಲ್ಲಿ, ಬಣ್ಣದ ಫೋಟೋ ಸಮೇತ ಬಂದಿತ್ತು. ಕೆಳಗೆ ನಾನೇ ಬರೆದ ಅಡಿಬರಹ, ‘ಅವೈಜ್ಞಾನಿಕ ಕಸ ವಿಲೇವಾರಿಗೆ ಒಂದು ಉದಾಹರಣೆ’. ಅತ್ತೆಗೆ ಅದನ್ನು ಹೇಳುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಮಂಕರಿ ತಂದೆ.

ಮಾರನೇ ದಿನವೆಲ್ಲ ತಿಪ್ಪೆಯಿಂದ ತೊಟ್ಟಿಗೆ ಸಾಗಣೆ. ಅತ್ತೆ ತುಂಬಿಕೊಟ್ಟರು, ನಾನು ಹೊತ್ತೆ, ಯಜಮಾನರೂ ಹೊತ್ತರು. ಯೂರಿಯಾ ವ್ಯಾಪಾರಿ ತಿಪ್ಪೆ ಗೊಬ್ಬರ ಹೊರುವುದನ್ನು ಅಂಗಡಿಯ ಗಿರಾಕಿಗಳ್ಯಾರಾದರೂ ನೋಡಿಬಿಟ್ಟರೆ ಎಂದು ತಲೆಗೆ ಟವೆಲ್ ಸುತ್ತಿ ಮುಖ ಮುಚ್ಚಿಕೊಂಡಿದ್ದರು. ಲಕ್ಷ್ಮಕ್ಕ ಕಜ್ಜಾಯದ ನಿಜವಾದ ಡಬ್ಬಿ ಸಿಕ್ಕಿದ ಮೇಲೆ ಸಮಾಧಾನಗೊಂಡು ಕೋಳಿಗಳನ್ನು ಪಂಜರದಲ್ಲಿ ಕೂಡಿಹಾಕಿದಳು.

ಪರೀಕ್ಷಕರು ಬಂದರು. ದಪ್ಪ ಕನ್ನಡಕ, ನಗುವೇ ಇಲ್ಲದ ಮುಖ. ತೊಟ್ಟಿಗೆ ಕೈ ಹಾಕಿ ಗೊಬ್ಬರ ಮೂಸಿದರು. ಹುಬ್ಬು ಮೇಲೆ ಹೋಯಿತು. "ತೇವಾಂಶ ಎಷ್ಟಿರಬೇಕು?" ಎಂದು ನನ್ನನ್ನು ಕೇಳಿದರು.

ನನಗೆ ಶೇಕಡಾವಾರು ಬಾಯಿಪಾಠವಾಗಿತ್ತು. ಗಾಬರಿಗೆ ಅದೊಂದೇ ನೆನಪಾಗಲಿಲ್ಲ!

ಕಾಫಿ ತಂದ ಅತ್ತೆಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, ಒಂದು ಹಿಡಿ ಗೊಬ್ಬರ ತೆಗೆದು ಹಿಂಡಿ ತೋರಿಸಿದರು. "ನೋಡಿ ಸಾರ್, ಹಿಂಡುದ್ರೆ ನೀರ್ ತೊಟ್ಟಿಕ್ಬಾರ್ದು. ಬುಟ್ರೆ ಉಂಡೆ ಹಂಗೇ ನಿಂತ್ಕಬೇಕು. ಅಷ್ಟೇಯ."

ಪರೀಕ್ಷಕರು ಪೂರ್ತಿ ಅವರ ಕಡೆಗೇ ತಿರುಗಿ ನಿಂತರು. ವಾಸನೆ ಬಂದರೆ ಏನು ಮಾಡುತ್ತೀರಿ, ಬೂದಿ ಎಷ್ಟು, ಬೇಸಿಗೆಯಲ್ಲಿ ಹೇಗೆ ಎಂದು ಕೇಳುತ್ತಲೇ ಹೋದರು, ಅತ್ತೆ ಹೇಳುತ್ತಲೇ ಹೋದರು. ನನ್ನ ಪರೀಕ್ಷೆ ನನ್ನ ಕಣ್ಣೆದುರೇ ಅಮೋಘವಾಗಿ ನಡೆಯುತ್ತಿತ್ತು. ನಾನೊಬ್ಬಳು ಅದರಲ್ಲಿ ಇರಲಿಲ್ಲ.

ಆಗ ಅವರು ನನ್ನ ವರದಿಯನ್ನು ತೆರೆದರು. ಪುಟ ಹದಿನಾಲ್ಕು!

"ಇದು ಎಲ್ಲಿದೆ?"

ಅತ್ತೆ ಇಣುಕಿದರು. ಮುಖ ಅರಳಿತು. "ಅಯ್ಯೋ, ನನ್ ತಿಪ್ಪೆ! ಫೋಟೋನೂ ಹಾಕವ್ಳೆ! ಕೆಳಗೇನ್ ಬರ್ದವ್ಳೆ ಸಾರ್?"

"ಅವರೇ ಓದಿ ಹೇಳಲಿ" ಎಂದರು ಪರೀಕ್ಷಕರು.

ಇಂಗ್ಲಿಷಿನಲ್ಲಿತ್ತು. ‘ಉತ್ತಮ ತಿಪ್ಪೆ’ ಎಂದುಬಿಟ್ಟರೆ ಅತ್ತೆಗೆ ತಿಳಿಯುತ್ತಿರಲಿಲ್ಲ. ಆದರೆ ಹಿಂದಿನ ದಿನ ಮಂಕರಿ ತುಂಬಿಕೊಟ್ಟ ಆ ಕೈ ಇನ್ನೂ ಗೊಬ್ಬರದ ಉಂಡೆ ಹಿಡಿದುಕೊಂಡಿತ್ತು. ನನ್ನಿಂದಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಕನ್ನಡದಲ್ಲಿ ಹೇಳಿದೆ. "ಸಾರ್, ತೊಟ್ಟಿಯಲ್ಲಿರುವುದೂ ಈ ತಿಪ್ಪೆಯ ಗೊಬ್ಬರವೇ. ನನ್ನ ಹುಳುಗಳನ್ನು ಕೋಳಿ ತಿಂದವು. ಹುಳು ಹೆಚ್ಚಿದೆ ಅಂತ ಬರೆದಿದ್ದು ಸುಳ್ಳು. ಪುಟ ಹದಿನಾಲ್ಕು ಪೂರ್ತಿ ತಪ್ಪು" ಎಂದೂ ಸೇರಿಸಿದೆ. ಯಜಮಾನರು ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡರು.

ಪರೀಕ್ಷಕರು ವರದಿ ಮುಚ್ಚಿದರು. ಅತ್ತೆಯೇ ಬಾಯಿ ಬಿಟ್ಟರು.

"ಆವಾಗ ಅವ್ಳಿಗೆ ಗೊತ್ತಿರ್ಲಿಲ್ಲ ಬುಡಿ ಸಾರ್. ಓದ್ತಾ ಇದ್ಲು!"

ನಗುವೇ ಇಲ್ಲದ ಆ ಮುಖ ನಕ್ಕಿತು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಿತು. "ಇಷ್ಟು ವರ್ಷದಲ್ಲಿ ತನ್ನ ವರದಿ ತಪ್ಪು ಅಂತ ಒಪ್ಪಿಕೊಂಡ ವಿದ್ಯಾರ್ಥಿ ನೀವೊಬ್ಬರೇ ಕಣಮ್ಮ" ಎಂದು, ಹದಿನೈದು ದಿನದೊಳಗೆ ತಿಪ್ಪೆಯನ್ನೇ ಅಧ್ಯಯನ ಮಾಡಿ ಹೊಸ ವರದಿ ಕೊಡಲು ಹೇಳಿ ಹೋದರು. ಅತ್ತೆ ಹೇಳಿದರು, ನಾನು ಬರೆದೆ. ಫಲಿತಾಂಶ ಬಂದಾಗ ಯಜಮಾನರು ಗಿರಾಕಿಗಳಿಗೆಲ್ಲ ಮೈಸೂರ್‌ಪಾಕ್ ಹಂಚಿದರು, ಯೂರಿಯಾ ಕೊಳ್ಳದವರಿಗೂ!

ತಿಂಗಳೊಳಗೆ ವಿಭಾಗದಿಂದ ಒಂದು ಕಾಗದ ಬಂತು. ಹೊಸ ವಿದ್ಯಾರ್ಥಿಗಳಿಗೆ ಎರೆಗೊಬ್ಬರದ ಬಗ್ಗೆ ವಿಶೇಷ ಉಪನ್ಯಾಸ, ಕಾರಿನ ವ್ಯವಸ್ಥೆ ಉಂಟು ಎಂದಿತ್ತು. ಬೀದಿಯ ಐದು ಮನೆಗೆ ಓದಿ ಹೇಳಿದೆ. ಹೊಸ ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ಟೆ. ಎರಡನೇ ಪುಟವನ್ನು ಆಮೇಲೆ ಓದಿದೆ. ಉಪನ್ಯಾಸ, ಶ್ರೀಮತಿ ಗೌರಮ್ಮನವರಿಂದ. ನನ್ನ ಹೆಸರೂ ಇತ್ತು, ಇಲ್ಲ ಎನ್ನುವಂತಿಲ್ಲ. ಗೌರಮ್ಮನವರ ಎರಡೂ ಕೈ ಗೊಬ್ಬರದಲ್ಲಿ ಇರುವುದರಿಂದ, ತಾವು ದಯವಿಟ್ಟು ಬಂದು ಮೈಕು ಹಿಡಿದುಕೊಳ್ಳಬೇಕು.

ಹೋದೆ. ಒಂದು ಗಂಟೆ ಹಿಡಿದೆ. ಕೈ ಒಂದು ಸಲವೂ ನಡುಗಲಿಲ್ಲ. ಎಷ್ಟಾದರೂ ಪ್ರಥಮ ದರ್ಜೆ!